ಅಜ್ಜನ ಪಾಸ್‌ಪೋರ್ಟ್ ಇಲ್ಲದಿದ್ದರೂ ಓಸಿಐ ಕಾರ್ಡ್

ವಿದೇಶಿ ಪೌರತ್ವದ ಮೊಮ್ಮಕ್ಕಳಿಗೆ ಓಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ‘ಸಾಗರೋತ್ತರ ಭಾರತೀಯ ನಾಗರಿಕ’ ಕಾರ್ಡ್) ಮಾಡಿಸಬೇಕು, ಅಜ್ಜ ಪಾಸ್‌ಪೋರ್ಟೇ ಮಾಡಿಸಿರಲಿಲ್ಲ ಅಂದರೆ ಕೈಬಿಡಬೇಡಿ. ಅಜ್ಜನ ವಾಸಸ್ಥಳ ಪ್ರಮಾಣಪತ್ರವನ್ನೂ ಪುರಾವೆಯಾಗಿ ಕೊಡಬಹುದು. 26-1-1950ರಂದು ಅಥವಾ ಆಮೇಲೆ ಅವರು ಭಾರತದ ಪ್ರಜೆಯಾಗಿದ್ದರು ಎಂದು ತೋರಿಸಿದರಾಯಿತು, ಮುತ್ತಜ್ಜನವರೆಗೂ ಅವಕಾಶವಿದೆ. ಜೊತೆಗೆ ಸಂಬಂಧದ ಕೊಂಡಿ ಬೇಕು: ಮೊಮ್ಮಗುವಿನ ಜನನ ಪತ್ರದಲ್ಲಿ ಅಪ್ಪನ ಹೆಸರು, ಅಪ್ಪನದರಲ್ಲಿ ಅಜ್ಜನ ಹೆಸರು. ತೊಡಕು ಬರುವುದು ಇಲ್ಲೇ. ಊರಿನ ಶಾಲಾ ದಾಖಲೆಯಲ್ಲಿ ‘ಬಸಪ್ಪ’, ಮಗನ ಪಾಸ್‌ಪೋರ್ಟಿನಲ್ಲಿ ‘ಬಸವರಾಜಪ್ಪ’! ಎರಡೂ ಒಬ್ಬರದೇ ಹೆಸರೆಂದು ನೋಟರಿ ಅಫಿಡವಿಟ್ ಲಗತ್ತಿಸಿ. ರಾಯಚೂರು, ಕೊಪ್ಪಳ ಕಡೆಯ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನೂ ಇಡಿ. ಹಿರಿಯರಲ್ಲಿ ಯಾರಾದರೂ ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಯಾಗಿದ್ದರೆ ಅರ್ಜಿ ನಡೆಯುವುದಿಲ್ಲ. ಅಂದಹಾಗೆ, ಓಸಿಐ ಎರಡನೇ ಪೌರತ್ವವಲ್ಲ: ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ.