ತ-ಕ-ಧಿ-ಮಿ: ಕೋಲಾರದ ಮಣ್ಣಿನ ಮೈದಾನದಲ್ಲಿ ಹರ್ಡಲ್ಸ್ ಕಲಿಸುವ ಬಗೆ

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಹೈಸ್ಕೂಲ್ ಹುಡುಗಿಯರ ಹರ್ಡಲ್ಸ್, ಅಂದರೆ ಅಡ್ಡ ಇಟ್ಟ ತಡೆಗಳನ್ನು ಹಾರುತ್ತಾ ಓಡುವ ಓಟ, ನೋಡಿದವರಿಗೆ ಗೊತ್ತಿರುತ್ತೆ. ಮೊದಲ ಹರ್ಡಲ್ ತನಕ ಚೆನ್ನಾಗಿ ಓಡಿ ಬರ್ತಾರೆ, ಅಲ್ಲಿಂದಾಚೆ ಪ್ರತಿ ಹರ್ಡಲ್ ಮುಂದೆಯೂ ತಡವರಿಸಿ, ಕಾಲು ಬದಲಿಸಿ, ಹೇಗೋ ಹಾರಿಕೊಳ್ತಾರೆ. ಮಗುವಿಗೆ ಹೆದರಿಕೆ ಅಂತ ಸುತ್ತಲಿನವರು ಹೇಳ್ತಾರೆ. ಹೆದರಿಕೆ ಆಮೇಲೆ ಬಂದದ್ದು. ಮೊದಲು ತಪ್ಪಿದ್ದು ಅಂತರ. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಆರಂಭದ ಗೆರೆಯಿಂದ ಮೊದಲ ಹರ್ಡಲ್‌ಗೆ 13 ಮೀಟರ್, ಹತ್ತು ಹರ್ಡಲ್‌ಗಳ ನಡುವೆ 8.5 ಮೀಟರ್, ಕೊನೆಯದರಿಂದ ಮುಕ್ತಾಯಕ್ಕೆ 10.5 ಮೀಟರ್. ಹುಡುಗರ 110 ಮೀಟರ್‌ನಲ್ಲಿ ಈ ನಡುವಿನ ಅಂತರ 9.14 ಮೀಟರ್. ಎರಡು ಹರ್ಡಲ್ ನಡುವೆ ಮೂರು ಹೆಜ್ಜೆ ಹಾಕಿದರೆ ಪ್ರತಿ ಸಲವೂ ಅದೇ ಕಾಲಲ್ಲಿ ನೆಗೆಯಬಹುದು. ಈಗಷ್ಟೇ ಕಲಿಯುವ 13 ವರ್ಷದ ಮಗುವಿನ ಮೂರು ಹೆಜ್ಜೆ 8.5 ಮೀಟರ್ ಮುಟ್ಟುವುದಿಲ್ಲ. ನಾಲ್ಕನೇ ಹೆಜ್ಜೆ ಹಾಕಿದರೆ ಕಾಲು ಬದಲಾಗುತ್ತೆ, ಹೆಜ್ಜೆ ಗಿಡ್ಡ ಮಾಡದೆ ಐದನೆಯದಕ್ಕೆ ಜಾಗ ಸಾಲದು. ಅಲ್ಲೇ ಮಗು ನಿಂತುಬಿಡುತ್ತೆ. ಅದಕ್ಕೇ ನಾನು ಅಂತರವನ್ನು ಮಗುವಿನ ಹೆಜ್ಜೆಗೆ ತಂದು ಕಲಿಸಲು ಶುರು ಮಾಡುತ್ತೇನೆ. ಎತ್ತರದ ಮಾತು ತಿಂಗಳು ಕಳೆದ ಮೇಲೆ.

ಆ ಹೆಜ್ಜೆಯ ಅಳತೆ ತೆಗೆಯಲು ನಮ್ಮ ಕಡೆಯ ಕೆಂಪು ಮಣ್ಣಿಗಿಂತ ಒಳ್ಳೆಯ ಸಾಧನ ಇಲ್ಲ. 15 ಮೀಟರ್ ಉದ್ದದ ಪಟ್ಟಿಯನ್ನು ತೆಂಗಿನಕಡ್ಡಿ ಪೊರಕೆಯಲ್ಲಿ ಗುಡಿಸಿ, ಕಲ್ಲು ಆರಿಸಿ, ಎರಡು ಬಿಂದಿಗೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ಪಟ್ಟಿಯ ನಡುವೆ ಒಂದು ಗೆರೆ ಎಳೆದು, ಅದನ್ನು ದಾಟಿಕೊಂಡು ಪೂರ್ತಿ ವೇಗದಲ್ಲಿ ಓಡಲು ಹೇಳಿ. ಬರಿಗಾಲಿನ ಗುರುತು ಅಚ್ಚೊತ್ತಿದ ಹಾಗೆ ಬೀಳುತ್ತೆ. ಟೇಪ್ ಹಿಡಿದು ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯಿರಿ. ಒಬ್ಬ ಏಳನೇ ಕ್ಲಾಸಿನ ಹುಡುಗಿಯದು ಸಾಮಾನ್ಯವಾಗಿ ಹೀಗಿರುತ್ತೆ: ಗೆರೆ ದಾಟಿ ಇಳಿಯುವುದು 95 ಸೆಂಟಿಮೀಟರ್ ಆಚೆ, ಮೊದಲ ಹೆಜ್ಜೆ 1.25 ಮೀಟರ್, ಎರಡನೆಯದು 1.65, ಮೂರನೆಯದು 1.50, ಮೂರನೇ ಹೆಜ್ಜೆಯಿಂದ ಮುಂದಿನ ಹರ್ಡಲ್‌ಗೆ 1.65. ಕೂಡಿದರೆ 7 ಮೀಟರ್. ಅವಳ ಅಂತರ ಅದೇ. ಮೂರನೇ ಹೆಜ್ಜೆ ಎರಡನೆಯದಕ್ಕಿಂತ ಒಂಚೂರು ಗಿಡ್ಡ ಇರುವುದು ತಪ್ಪಲ್ಲ, ಹಾಗೇ ಇರಬೇಕು. ಸೊಂಟ ಮುಂದೆ ಬಂದು ನೆಗೆತಕ್ಕೆ ಅಣಿಯಾಗುವುದು ಆಗಲೇ.

ಒಂದೇ ವಯಸ್ಸಿನ ಎಂಟು ಮಕ್ಕಳಿದ್ದರೆ ಅಂತರವೂ ಎಂಟು ಬಗೆ ಇರುತ್ತೆ. ಎಂಟು ಲೇನ್ ಹಾಕಲಾಗದು. 6.5, 7, 7.5 ಮೀಟರ್ ಅಂತ ಮೂರು ಲೇನ್ ಹಾಕಿ, ಮಗುವನ್ನು ಅದರ ಅಳತೆಗಿಂತ ಚಿಕ್ಕ ಲೇನಿಗೆ ಕಳಿಸುತ್ತೇನೆ. ಬಿಗಿಯಾಗಿದ್ದರೆ ಕಾಲು ಚುರುಕಾಗುತ್ತೆ, ದೂರವಾದರೆ ಹೆಜ್ಜೆ ಎಳೆದು ಹಾಕುವ ಚಟ ಬೀಳುತ್ತೆ. ಆ ಚಟ ಬಿಡಿಸಲು ಒಂದು ವರ್ಷ ಬೇಕು.

ಸಾಮಾನಿಗೆ ದುಡ್ಡು ಬೇಕಿಲ್ಲ. ಟೊಮೆಟೊ ಕ್ರೇಟ್ ಇಲ್ಲದ ಊರು ಕೋಲಾರ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಮಲಗಿಸಿದರೆ ಸುಮಾರು ಒಂದು ಅಡಿ ಎತ್ತರ, ಒಂದರ ಮೇಲೊಂದು ಇಟ್ಟರೆ ಎರಡಡಿಗೆ ಹತ್ತಿರ. ಎರಡು ಕ್ರೇಟ್ ನಡುವೆ ನಾಲ್ಕಡಿ ಬಿಟ್ಟು, ಮೇಲೆ ಐದಡಿಯ ವೈರಿಂಗ್ ಪೈಪ್ ಅಡ್ಡ ಇಡಿ. ಮುಕ್ಕಾಲು ಇಂಚಿನದು ಸಾಕು. ಕಟ್ಟಬೇಡಿ. ಕ್ರೇಟಿನ ಆಚೆ ಅಂಚಿನಲ್ಲಿ ಇಟ್ಟರೆ ಕಾಲು ತಾಗಿದ ಕೂಡಲೇ ಮುಂದಕ್ಕೆ ಉರುಳಿ ಬೀಳುತ್ತೆ. ನಾಲ್ಕಡಿ ಯಾಕೆಂದರೆ, ಹಿಂದಿನ ಕಾಲು ಅಗಲವಾಗಿ ಬರುವಾಗ ಕ್ರೇಟಿಗೆ ಬಡಿಯಬಾರದು. ಮೂರಡಿ ಬಿಟ್ಟರೆ ಮೊಣಕಾಲ ಚಿಪ್ಪು ಖಂಡಿತ ಬಡಿಯುತ್ತೆ. ನೆಲದ ಮೇಲೆ ಹೆಜ್ಜೆ ಗುರುತಿಗೆ ಹಳೆ ಡ್ರಿಪ್ ಪೈಪಿನ ತುಂಡು ಒಳ್ಳೆಯದು. ಕಡ್ಡಿ ಇಟ್ಟರೆ ಪಾದದಡಿ ಉರುಳಿ ಗಿಣ್ಣು ಉಳುಕುತ್ತೆ, ಡ್ರಿಪ್ ಪೈಪ್ ಅಪ್ಪಚ್ಚಿಯಾಗುತ್ತೆ ಅಷ್ಟೆ.

ಇನ್ನು ತಾಳ. ಓಡುವ ಮಗು ಮನಸ್ಸಿನಲ್ಲಿ ‘ಒಂದು-ಎರಡು-ಮೂರು’ ಎಣಿಸಲಾರದು. ಪದಗಳೇ ಹೆಜ್ಜೆಗಿಂತ ನಿಧಾನ. ‘ತ-ಕ-ಧಿ-ಮಿ’ ಸರಿಯಾಗಿ ಕೂಡುತ್ತೆ: ಇಳಿದ ಪಾದ ತ, ಮೂರು ಹೆಜ್ಜೆ ಕ-ಧಿ-ಮಿ, ಮತ್ತೆ ಗಾಳಿಯಲ್ಲಿ, ಮತ್ತೆ ತ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳೇ ಹೆಚ್ಚು, ಅವರಿಗೂ ಇದಕ್ಕೆ ಅನುವಾದ ಬೇಡ. ಮೊದಲು ನಿಂತಲ್ಲೇ ಚಪ್ಪಾಳೆ, ಆಮೇಲೆ ನಡೆಯುತ್ತಾ, ಆಮೇಲೆ ಬರೀ ಡ್ರಿಪ್ ಪೈಪಿನ ಗೆರೆಗಳ ಮೇಲೆ ಓಟ. ಓಡುವವರನ್ನು ನೋಡದೆ ಕಣ್ಣು ಮುಚ್ಚಿ ಪಾದದ ಸದ್ದು ಕೇಳಿ. ನಾಲ್ಕು ಸದ್ದು ಒಂದೇ ಸಮ ಬರುತ್ತಿದ್ದರೆ ಎತ್ತರ ಏರಿಸಬಹುದು. ನಾಲ್ಕನೆಯ ಸದ್ದು ಧೊಪ್ ಅಂತ ಭಾರವಾಗಿ ಬಂದರೆ ಮಗು ಹರ್ಡಲ್ ಮುಂದೆ ಬ್ರೇಕ್ ಹಾಕುತ್ತಿದೆ ಅಂತಲೇ ಅರ್ಥ. ಅಂತರ ಕಾಲು ಮೀಟರ್ ಕಡಿಮೆ ಮಾಡಿ.

ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ. ಇಲ್ಲಿ ಒಂದು ಲೆಕ್ಕ ಮರೆಯಬೇಡಿ: ಎಂಟು ಹೆಜ್ಜೆಯಲ್ಲಿ ಹೋಗುವವರಿಗೆ ಸ್ಟಾರ್ಟ್‌ನಲ್ಲಿ ಮುಂದಿಟ್ಟ ಪಾದವೇ ನೆಗೆಯುವ ಪಾದ. ಎಡಗಾಲಲ್ಲಿ ನೆಗೆದು ಬಲಗಾಲನ್ನು ಮುಂದೆ ಹಾಕುವ ಮಗು ಎಡಗಾಲನ್ನೇ ಗೆರೆ ಹತ್ತಿರ ಇಡಬೇಕು. 100 ಮೀಟರ್ ಓಟಕ್ಕೆ ಬಲಗಾಲು ಮುಂದಿಟ್ಟು ರೂಢಿಯಾದ ಮಗುವನ್ನು ಹಾಗೇ ಹರ್ಡಲ್ಸ್‌ಗೆ ನಿಲ್ಲಿಸಿದರೆ ಏಳು ಅಥವಾ ಒಂಬತ್ತು ಹೆಜ್ಜೆ ಆಗುತ್ತೆ, ಮೊದಲ ಹರ್ಡಲ್‌ನಲ್ಲೇ ಮುಗ್ಗರಿಸುತ್ತೆ. ಕಲಿಯುವವರಿಗೆ ಈ ಮೊದಲ ದೂರವನ್ನು 11 ಮೀಟರ್‌ನಿಂದ ಶುರು ಮಾಡಿ, ವಾರಕ್ಕೋ ಹದಿನೈದು ದಿನಕ್ಕೋ ಕಾಲು ಮೀಟರಿನಂತೆ ಹಿಂದೆ ಸರಿಸುತ್ತೇನೆ.

ನೆಗೆಯುವ ಜಾಗ ಹರ್ಡಲ್‌ನಿಂದ ಆ ಮಗುವಿನದೇ ಏಳು ಪಾದ ದೂರ. ಅಲ್ಲಿ ಸುಣ್ಣದ ಗೆರೆ ಎಳೆದಿಡಿ. ಹರ್ಡಲ್ ಹತ್ತಿರ ಬಂದಷ್ಟೂ ದಾಟುವುದು ಸುಲಭ ಅಂತ ಮಕ್ಕಳಿಗೆ ಅನ್ನಿಸುತ್ತೆ. ಆಗುವುದು ಉಲ್ಟಾ. ಹತ್ತಿರ ಬಂದರೆ ಮೇಲಕ್ಕೇ ಹಾರಬೇಕು, ಮೇಲೆ ಹೋದದ್ದು ಹಿಮ್ಮಡಿಯ ಮೇಲೆ ದಪ್ಪನೆ ಇಳಿಯುತ್ತೆ, ವೇಗ ಅಲ್ಲಿಗೇ ಸತ್ತಿತು. ದೂರದಿಂದ ನೆಗೆದರೆ ದೇಹ ಹರ್ಡಲ್ ಮೇಲೆ ಇಳಿಜಾರಿನಲ್ಲಿ ಸಾಗಿ, ಪಾದದ ಮುಂಭಾಗದ ಮೇಲೆ, ಸೊಂಟದ ಕೆಳಗೇ ಇಳಿಯುತ್ತೆ.

ಲೀಡ್ ಕಾಲಿನಲ್ಲಿ, ಅಂದರೆ ಹರ್ಡಲ್ ಅನ್ನು ಮುಂದಾಗಿ ದಾಟುವ ಕಾಲಿನಲ್ಲಿ, ಮೊದಲು ಏಳಬೇಕಾದದ್ದು ಮೊಣಕಾಲು, ಪಾದವಲ್ಲ. ಮೊಣಕಾಲು ಮಡಚಿ ಎತ್ತಿದ ಮೇಲೆ ಕೆಳಗಾಲು ತಾನಾಗಿ ಬಿಚ್ಚಿಕೊಳ್ಳುತ್ತೆ. ಕಾಲು ನೆಟ್ಟಗೆ ಬೀಸಿದರೆ ಮೈ ಹಿಂದಕ್ಕೆ ವಾಲುತ್ತೆ. ಗೋಡೆ ಎದುರು ಕಲಿಸುವುದು ವಾಸಿ: ಗೋಡೆಯಿಂದ ನಾಲ್ಕಡಿ ದೂರ ನಿಂತು, ಸೊಂಟದ ಎತ್ತರದ ಸೀಮೆಸುಣ್ಣದ ಗುರುತಿಗೆ ಪಾದ ಒತ್ತಬೇಕು, ಕಾಲಿಗೆ ಹತ್ತು ಸಲ. ಕಾಲು ಬೀಸುವ ಮಗುವಿನ ಹಿಮ್ಮಡಿ ಗೋಡೆಗೆ ಬಡಿಯುತ್ತೆ. ಎರಡು ಸಲ ಬಡಿದರೆ ನಾವು ಹೇಳದೆಯೇ ತಿದ್ದಿಕೊಳ್ಳುತ್ತೆ.

ಟ್ರೇಲ್ ಕಾಲು, ಅಂದರೆ ನೆಗೆದು ಹಿಂದಿನಿಂದ ಬರುವ ಕಾಲು, ಕಷ್ಟ, ನನ್ನ ಅರ್ಧ ಸಮಯ ಹೋಗುವುದು ಇದಕ್ಕೇ. ತೊಡೆ ನೆಲಕ್ಕೆ ಸಮಾನಾಂತರವಾಗಿ ಪಕ್ಕದಿಂದ ಬಂದು, ಮೊಣಕಾಲು ಕಂಕುಳ ಕಡೆಗೆ ಏರಿ, ಅಲ್ಲಿಂದ ಎದುರಿಗೆ ಇಳಿಯಬೇಕು. ತಪ್ಪಾಗುವುದು ಎರಡು ಕಡೆ. ಬೆರಳು ಕೆಳಗೆ ಜೋತುಬಿದ್ದರೆ ಪೈಪಿಗೆ ತಾಗುತ್ತೆ. ‘ಹೆಬ್ಬೆರಳು ಮೇಲೆ ಕಣಮ್ಮ’ ಅಂದರೆ ಸಾಕು. ಎರಡನೆಯದು, ಪೈಪ್ ದಾಟಿದ ಕೂಡಲೇ ಮೊಣಕಾಲು ಪಕ್ಕಕ್ಕೇ ಇಳಿದುಬಿಡುವುದು. ಆಗ ಭುಜ ತಿರುಗುತ್ತೆ, ಮೊದಲ ಹೆಜ್ಜೆ ಮೊಟಕಾಗುತ್ತೆ, ಮೂರು ಹೆಜ್ಜೆ ಸಾಲದೆ ಹೋಗುತ್ತೆ. ಹೆಜ್ಜೆ ಸಾಲುತ್ತಿಲ್ಲ ಅಂತ ಮಗು ದೂರಿದಾಗ ನಾನು ಮೊದಲು ನೋಡುವುದು ಈ ಮೊಣಕಾಲನ್ನು. ಮದ್ದು ಇಷ್ಟು: ಹರ್ಡಲ್ ಪಕ್ಕದಲ್ಲಿ ನಡೆಯುತ್ತಾ ಟ್ರೇಲ್ ಕಾಲನ್ನು ಮಾತ್ರ ಪೈಪಿನ ಮೇಲೆ ತರುವುದು. ಐದು ಪೈಪ್, ಆರು ಸುತ್ತು, ಪ್ರತಿ ಸಲವೂ ಕಾಲು ಎದೆಯ ಮುಂದೆ ಬಂದ ಮೇಲೇ ಕೆಳಗೆ.

ಒಂದು ದಿನಕ್ಕೆ ನಾಲ್ಕು ಹರ್ಡಲ್, ಎಂಟು ಓಟ. ದಾಟಿದ್ದು 32 ಆಯಿತು, ಅಲ್ಲಿಗೆ ಸಾಕು. ಓಟಗಳ ನಡುವೆ ಮೂರು ನಿಮಿಷ ಬಿಡುವು. ವಾರಕ್ಕೆ ಎರಡೇ ದಿನ. ಸುಸ್ತಾದ ಕಾಲು ತಾಳ ತಪ್ಪುತ್ತೆ, ತಪ್ಪಿದ್ದನ್ನೇ ಕಲಿಯುತ್ತೆ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಲ್ಲಿ ಅಥವಾ ಹಿಮ್ಮಡಿಯ ಹಿಂದೆ ನೋವು ಅಂದ ಮಗುವಿಗೆ ನೆಗೆತ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅದು ಸೋಮಾರಿತನ ಅಲ್ಲ, ಮೂಳೆ ಬೆಳೆಯುವ ಜಾಗಕ್ಕೆ ಸ್ನಾಯು ಎಳೆತ ಬೀಳುತ್ತಿರುತ್ತೆ.

ಕ್ರೇಟ್ ಬಿಟ್ಟು ನಿಜವಾದ ಹರ್ಡಲ್‌ಗೆ ಹೋಗುವಾಗ ಅದರ ದಿಕ್ಕು ನೋಡಿ. ಅಡಿಯ ಉದ್ದನೆಯ ಕಾಲುಗಳು ಓಡಿಬರುವವರ ಕಡೆಗಿರಬೇಕು. ಆಗಲೇ ಅದು ಮುಂದಕ್ಕೆ ಬೀಳುವುದು. ತಿರುಗಿಸಿಟ್ಟ ಹರ್ಡಲ್ ಬೀಳುವುದಿಲ್ಲ, ಮಗುವೇ ಬೀಳುತ್ತೆ. ಇದು ಕೂಟಗಳಲ್ಲೂ ಆಗುತ್ತೆ ಎನ್ನುವುದು ನನಗೆ ತಡೆಯಲಾರದ ಸಂಕಟ. ನಿಯಮದ ಪ್ರಕಾರ ಮೇಲಿನ ಪಟ್ಟಿಯ ನಡುವೆ ಕನಿಷ್ಠ 3.6 ಕೆಜಿ ಬಲ ಬಿದ್ದರೆ ಉರುಳುವಂತಿರಬೇಕು. ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಹಾಕಿ ಓಟದ ದಿಕ್ಕಿಗೆ ಎಳೆದು ನೋಡಿ. ಐದಾರು ಕೆಜಿ ತೋರಿಸಿದರೂ ಅಲುಗದ ವೆಲ್ಡಿಂಗ್ ಹರ್ಡಲ್ ಅನ್ನು ಅಭ್ಯಾಸಕ್ಕೆ ಇಡಲೇಬೇಡಿ. ಅದಕ್ಕಿಂತ ಕ್ರೇಟೇ ಮೇಲು.

ಇದೇ ಹೆಜ್ಜೆ ಲೆಕ್ಕ ಉದ್ದ ಜಿಗಿತಕ್ಕೂ ಬರುತ್ತೆ. ವಯಸ್ಸು ಎಷ್ಟೋ ಅಷ್ಟು ಹೆಜ್ಜೆ ಓಟ, 13 ವರ್ಷಕ್ಕೆ 13. ಹಲಗೆಯ ಮೇಲೆ ನೆಗೆಯುವ ಪಾದ ಇಟ್ಟು, ಗುಂಡಿಗೆ ಬೆನ್ನು ಮಾಡಿ ಓಡಿಸಿ. 13ನೇ ಹೆಜ್ಜೆ ಬಿದ್ದಲ್ಲಿ ಗುರುತು ಹಾಕಿ. ಐದಾರು ಸಲ ಓಡಿಸಿದರೆ ಗುರುತುಗಳು ಒಂದೆಡೆ ಗುಂಪಾಗುತ್ತವೆ, ಅದರ ನಡುವೆ ಆರಂಭ. ಫೌಲ್ ಆದಾಗ ‘ಹಿಂದೆ ಸರಿದು ಓಡು’ ಅನ್ನುವ ಮುಂಚೆ ಕೊನೆಯ ನಾಲ್ಕು ಹೆಜ್ಜೆಗಳ ಗುರುತು ನೋಡಿ. ಸಮ ಇದ್ದರೆ ಎಷ್ಟು ಫೌಲೋ ಅಷ್ಟೇ ಹಿಂದೆ ಸರಿಸಿ. ಕೊನೆಯವು ಚಿಕ್ಕಚಿಕ್ಕದಾಗಿದ್ದರೆ ಮಗು ಹಲಗೆ ನೋಡುತ್ತಾ ಓಡುತ್ತಿದೆ. ಗುರುತು ಸರಿಸಿ ಪ್ರಯೋಜನವಿಲ್ಲ, ಕಣ್ಣು ಗುಂಡಿಯಾಚೆಯ ಮರದ ಮೇಲಿರಬೇಕು. ಎದುರು ಗಾಳಿಗೆ ಅರ್ಧ ಪಾದ ಮುಂದೆ ಬರಲಿ.

ಗುಂಡಿಗೆ ಮರಳು: 2.75 ಮೀಟರ್ ಅಗಲ, 8 ಮೀಟರ್ ಉದ್ದ, ಒಂದಡಿ ಆಳಕ್ಕೆ ಸುಮಾರು 237 ಘನ ಅಡಿ ಬೇಕು. ಎಂ ಸ್ಯಾಂಡ್ ಹಾಕಿದರೆ ಒಂದು ಮಳೆಗೆ ಗಟ್ಟಿಯಾಗುತ್ತೆ, ಹಾಗಾಗಿ ಪ್ರತಿ ಅಭ್ಯಾಸಕ್ಕೂ ಮುಂಚೆ ಸನಿಕೆಯಲ್ಲಿ ಬುಡದ ತನಕ ಕೆದಕಬೇಕು. ಎತ್ತರ ಜಿಗಿತಕ್ಕೆ ದಪ್ಪ ಮ್ಯಾಟ್ ಇಲ್ಲದ ಶಾಲೆಯಲ್ಲಿ ಕತ್ತರಿ ಜಿಗಿತ, ಅಂದರೆ ಒಂದೊಂದೇ ಕಾಲು ಎತ್ತಿ ದಾಟಿ ಕಾಲಿನ ಮೇಲೇ ಇಳಿಯುವುದು, ಮಾತ್ರ. ಬೆನ್ನು ಕೊಟ್ಟು ಹಾರುವುದನ್ನು ಮರಳಿನ ಮೇಲೆ ಮಾಡಿಸಿದರೆ ಕುತ್ತಿಗೆಗೆ ಅಪಾಯ.

ಬರೀ ಓಟದವರಿಗೆ ಒಂದೇ ಮಾತು: ಪಕ್ಕದಲ್ಲಿ ನಿಂತು ‘ಉದ್ದ ಹೆಜ್ಜೆ ಹಾಕು’ ಅಂತ ಕೂಗಬೇಡಿ. ಪಾದ ಸೊಂಟಕ್ಕಿಂತ ಮುಂದೆ ಬಿದ್ದು ಪ್ರತಿ ಹೆಜ್ಜೆಯೂ ತಡೆಯುತ್ತೆ, ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತೆ. ‘ನೆಲ ಹಿಂದಕ್ಕೆ ತಳ್ಳು’ ಅನ್ನಿ.

ಕೂಟದ ದಿನ ಅಂತರ, ಎತ್ತರ ಆ ವರ್ಷದ ಸುತ್ತೋಲೆಯಲ್ಲಿದ್ದ ಹಾಗೆ ಇರುತ್ತೆ, ಮಗುವಿನ ಅಳತೆಗೆ ಇರುವುದಿಲ್ಲ. ಮೂರು ಹೆಜ್ಜೆ ಇನ್ನೂ ಮುಟ್ಟದ ಮಗುವಿಗೆ ಒಂದು ವಾರ ಮೊದಲೇ ಆ ಅಂತರದಲ್ಲಿ ಐದು ಹೆಜ್ಜೆ ಓಡಿಸಿ ರೂಢಿ ಮಾಡಿಸಿ. ಐದಾದರೂ ಕಾಲು ಅದೇ ಇರುತ್ತೆ, ನಾಲ್ಕರ ಗೊಂದಲ ಇರುವುದಿಲ್ಲ. ಓಟಕ್ಕೆ ಮುಂಚೆ ಎರಡೇ ಹರ್ಡಲ್ ಇಟ್ಟು, ಅದೂ ಆ ಮಗುವಿನದೇ ಹಳೆಯ ಅಂತರದಲ್ಲಿ, ಮೂರು ಸಲ ದಾಟಿಸಿ ಸಾಲಿಗೆ ಕಳಿಸುತ್ತೇನೆ.