‘ಇತರೆ ಖರ್ಚು’ ಎಂಬ ಆ ಒಂದು ಸಾಲು

ಕಾಡುಪ್ರಾಣಿಗಳ ಅಧ್ಯಯನಕ್ಕೆಂದು ನಾನು ಹಾಕಿದ ಮೊದಲ ಬಜೆಟ್‌ನಲ್ಲಿ 40 ಕ್ಯಾಮೆರಾ ಟ್ರ್ಯಾಪ್‌ಗಳದ್ದೇ (ಪ್ರಾಣಿ ಎದುರು ಹಾದರೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ದೊಡ್ಡ ಮೊತ್ತ. ಕೆಳಗೆ ‘ಇತರೆ ಖರ್ಚು’ ಅಂತ ಒಂದು ಸಾಲು ಎಳೆದು, ಕಣ್ಣಂದಾಜಿನಲ್ಲಿ ಏನೋ ಒಂದು ಅಂಕಿ ತುಂಬಿದ್ದೆ. ಮೂರು ವರ್ಷ ನನ್ನ ನಿದ್ದೆ ಕೆಡಿಸಿದ್ದು ಆ ಸಾಲೇ.

ಸೆಲ್‌ಗಳನ್ನೇ ನೋಡಿ. ನನ್ನ ಕ್ಯಾಮೆರಾ ಒಂದಕ್ಕೆ 8 ಪೆನ್ಸಿಲ್ ಸೆಲ್ ಬೇಕು, 40ಕ್ಕೆ 320. ಮೊದಲೆರಡು ಸುತ್ತು ಬಳಸಿ ಬಿಸಾಡುವ ಆಲ್ಕಲೈನ್ ಹಾಕಿದೆ. ಸತ್ತ ಸೆಲ್‌ಗಳ ಚೀಲ ಹೊತ್ತು ಕಾಡಿನಿಂದ ಇಳಿದ ದಿನವೇ ರೀಚಾರ್ಜ್ ಮಾಡುವಂಥವನ್ನು ಒಟ್ಟಿಗೆ ತರಿಸಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಆಲ್ಕಲೈನ್ 1.5 ವೋಲ್ಟ್, ನಾನು ತರಿಸಿದ ರೀಚಾರ್ಜ್ ಸೆಲ್, ಅಂದರೆ ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್. ನನ್ನ ಹಳೆಯ ಕ್ಯಾಮೆರಾಗಳು ಪೂರ್ತಿ ಚಾರ್ಜ್ ಆದ ಸೆಲ್ ಹಾಕಿದರೂ ‘ಬ್ಯಾಟರಿ ಇಲ್ಲ’ ಎಂದವು. ಒಂದು ಸೆಟ್ ತಂದು ವಾರ ಕಾಲ ಪರೀಕ್ಷಿಸಿದ್ದರೆ ಸಾಕಿತ್ತು. ಎಂಟರಲ್ಲಿ ಒಂದು ಸೆಲ್ ಸೋತರೂ ಇಡೀ ಸೆಟ್ ಕೈಕೊಡುತ್ತದೆ. ಅದಕ್ಕೇ ಈಗ ಪ್ರತಿ ಸೆಲ್ ಮೇಲೂ ಮಾರ್ಕರ್‌ನಲ್ಲಿ ಸೆಟ್ ನಂಬರ್ ಬರೆಯುತ್ತೇನೆ: 17ರದ್ದು 17ರ ಜೊತೆಗೇ ಚಾರ್ಜ್ ಆಗಬೇಕು. ಎಂಟು ಸೆಲ್ ಹಿಡಿಯುವ ಚಾರ್ಜರ್ ಒಂದೇ ಇದ್ದರೆ 40 ಸರದಿ. ನಾನು ಐದು ಇಟ್ಟುಕೊಂಡಿದ್ದೇನೆ.

ಹಣದ ವಿಷಯ. ಯಾವ ಸಂಸ್ಥೆಯ ನೆರಳೂ ಇಲ್ಲದವರಿಗೆ ಪ್ರಕೃತಿ ಸಂರಕ್ಷಣೆಗೆ ನೆರವಾಗುವ ರಫರ್ಡ್ ಫೌಂಡೇಶನ್‌ನಂಥವರ ಸಣ್ಣ ಅನುದಾನಗಳೇ ಮೊದಲ ಮೆಟ್ಟಿಲು. ಒಂದನ್ನು ಸರಿಯಾಗಿ ಮುಗಿಸಿದವರು ಮುಂದಿನ ಹಂತಕ್ಕೆ ಅರ್ಜಿ ಹಾಕಬಹುದು. ಜೀವಿಪ್ರಭೇದಗಳ ಸಂರಕ್ಷಣೆಗಿರುವ ಮೊಹಮ್ಮದ್ ಬಿನ್ ಜಾಯೆದ್ ನಿಧಿ ಒಂದು ಯೋಜನೆಗೆ ಗರಿಷ್ಠ 25,000 ಡಾಲರ್ ಕೊಡುತ್ತದೆ. ಐಡಿಯಾ ವೈಲ್ಡ್ ಎಂಬ ಸಂಸ್ಥೆ ದುಡ್ಡಿನ ಬದಲು ಉಪಕರಣವನ್ನೇ ಕೊಡುತ್ತದೆ. ಆದರೆ ಸಣ್ಣ ಅನುದಾನಗಳಲ್ಲಿ ಅರ್ಜಿದಾರನ ಹೊಟ್ಟೆಪಾಡಿಗೆ ಸಾಮಾನ್ಯವಾಗಿ ಜಾಗ ಇರುವುದಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಬೇರೆಯವರ ನಕ್ಷೆ, ವರದಿ ಮಾಡಿಕೊಟ್ಟು ನಾನು ಬದುಕಿದೆ.

ಮಂಜೂರಾದ ಹಣವೂ ಕೇಳಿದಾಗ ಕೈಗೆ ಬರುವುದಿಲ್ಲ. ನನ್ನದರಲ್ಲಿ ಕೊನೆಯ ಕಂತು ಅಂತಿಮ ವರದಿ ಒಪ್ಪಿದ ಮೇಲೆ. ಅಂದರೆ ಕೊನೆಯ ಸುತ್ತಿನ ಡೀಸೆಲ್ ಸಾಲದ್ದು. ಇನ್ನು ಕಾಡಿನಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ: ಬರುತ್ತದೆಂದು ನಂಬಿ ಇಬ್ಬರು ಸಹಾಯಕರನ್ನು ತಿಂಗಳ ಸಂಬಳಕ್ಕೆ ಸೇರಿಸಿಕೊಂಡಿದ್ದೆ, ಪತ್ರ ಬಂದಿದ್ದು ಐದು ತಿಂಗಳ ನಂತರ. ಹಣ ಕೊಟ್ಟವರಿಗೆ ಇದ್ದದ್ದು ಇದ್ದ ಹಾಗೆ ಬರೆದೆ; ಅವಧಿ ವಿಸ್ತರಿಸಿದರು. ದುಡ್ಡು ಹೆಚ್ಚಾಗಲಿಲ್ಲ, ಸಂಬಳವೂ ನಿಲ್ಲಲಿಲ್ಲ. ಈಗ ಪರವಾನಗಿ ಕೈಗೆ ಸಿಗದೆ ಯಾರನ್ನೂ ತಿಂಗಳ ಲೆಕ್ಕಕ್ಕೆ ಕರೆಯುವುದಿಲ್ಲ.

ಸಹಾಯಕರ ಅಪಘಾತ ವಿಮೆ ಮೊದಲ ವರ್ಷ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅವರಲ್ಲೊಬ್ಬ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡ. ಚಿಕಿತ್ಸೆಯ ಖರ್ಚು ನಾನೇ ಕೊಟ್ಟೆ, ಕೊಡಲೇಬೇಕಿತ್ತು. ಮನೆಗೆ ಕಳಿಸಿದ ಎರಡು ತಿಂಗಳ ಸಂಬಳವನ್ನು ಯಾವ ಶೀರ್ಷಿಕೆಯಲ್ಲಿ ತೋರಿಸಬೇಕೆಂದು ಲೆಕ್ಕಪರಿಶೋಧಕರೂ ತಲೆ ಕೆರೆದುಕೊಂಡರು.

ಕಾಡಿನ ಕೆಲಸ ಮುಗಿದ ಮೇಲೂ ಖರ್ಚು ಇದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲುಗಿದರೂ ಸೆನ್ಸರ್ ಕ್ಲಿಕ್ಕಿಸುತ್ತದೆ. ಒಂದು ಕಾರ್ಡಿನಲ್ಲಿ 11,000 ಚಿತ್ರ, ಅದರಲ್ಲಿ ಒಂದೇ ಒಂದು ಪುನುಗು ಬೆಕ್ಕು, ಅದೂ ಬಾಲ ಮಾತ್ರ. ಇದನ್ನೆಲ್ಲ ಕೈಯಲ್ಲಿ ಬೇರ್ಪಡಿಸಲು ಇಬ್ಬರಿಗೆ ಕೂಲಿ ಕೊಟ್ಟಿದ್ದೆ. ಈಗ ಉಚಿತವಾಗಿ ಸಿಗುವ ಮೆಗಾಡಿಟೆಕ್ಟರ್ ಎಂಬ ತಂತ್ರಾಂಶ ಖಾಲಿ ಚಿತ್ರಗಳನ್ನು ಜರಡಿ ಹಿಡಿಯುತ್ತದೆ; ಉಳಿದದ್ದಷ್ಟೇ ಕಣ್ಣಿಗೆ. ಆ ಕೂಲಿ ಈಗ ಎರಡನೇ ಹಾರ್ಡ್‌ಡಿಸ್ಕ್‌ಗೆ ಹೋಗುತ್ತದೆ.

40 ಕ್ಯಾಮೆರಾ, 60 ರಾತ್ರಿ: ಕಾಗದದಲ್ಲಿ 2,400 ಟ್ರ್ಯಾಪ್ ರಾತ್ರಿ (ಒಂದು ಕ್ಯಾಮೆರಾ ಒಂದು ರಾತ್ರಿ ಕೆಲಸ ಮಾಡಿದರೆ ಒಂದು). ಕಳುವಾದದ್ದು, ಒಳಗೆ ಇರುವೆ ಮೊಟ್ಟೆಯಿಟ್ಟು ಕೆಟ್ಟದ್ದು, ಸೆಲ್ ಸತ್ತದ್ದು ಕಳೆದು ನನಗೆ ಸಿಕ್ಕಿದ್ದು 1,910. ಒಂದು ರಾತ್ರಿಯ ಖರ್ಚು ತೆಗೆಯುವಾಗ ಈಗ ಭಾಗಿಸುವುದು 1,910ರಿಂದಲೇ.