ಹೊಲದಲ್ಲಿ ಬೋರ್ ಹಾಕಿಸುವ ಮುನ್ನ ಮಾಡಿಸಬೇಕಾದ ಕಾಗದಪತ್ರ: ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಯವರಿಗೆ

ಪಾಯಿಂಟ್ ನೋಡಿಸಲು ಮೂರು ಜನರನ್ನು ಕರೆಸುವವರು ಅನುಮತಿಯ ಬಗ್ಗೆ ಒಬ್ಬರನ್ನೂ ಕೇಳುವುದಿಲ್ಲ. ಬೋರ್ ಕೊರೆಯುವ ರಿಗ್ ಗಾಡಿ ಹೊಲದಲ್ಲಿ ನಿಂತು ಕಂಪ್ರೆಸರ್ ಶುರುವಾದ ಮೇಲೆ ಯಾರಾದರೂ ಬಂದು ತಡೆದರೆ, ನಿಂತ ಗಾಡಿಯ ಬಾಡಿಗೆ ಹೊಲದವರ ತಲೆಗೇ ಬರುತ್ತದೆ. ‘ಪರ್ಮಿಷನ್ ನಮಗೆ ಬಿಡ್ರಿ’ ಎನ್ನುವ ರಿಗ್ ಏಜೆಂಟರ ಮಾತು ನಂಬಬೇಡಿ. ಅರ್ಜಿಗೆ ಸಹಿ ಹಾಕಬೇಕಾದವರು ಜಮೀನಿನ ಮಾಲೀಕರು, ಕೇಸಾದರೆ ಮೊದಲು ಹೆಸರು ಬರುವುದೂ ಅವರದೇ.

ಮೊದಲು ತಿಳಿಯಬೇಕಾದದ್ದು, ನಿಮ್ಮ ತಾಲ್ಲೂಕು ಅಧಿಸೂಚಿತ ಪ್ರದೇಶವೋ (ಅಂತರ್ಜಲ ಬಳಕೆಗೆ ಸರ್ಕಾರ ನಿಯಂತ್ರಣ ಹೇರಿದ ಪ್ರದೇಶ) ಅಲ್ಲವೋ ಎಂಬುದು. ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ ಮತ್ತು ನಿಯಂತ್ರಣ) ಕಾಯ್ದೆ, 2011ರ ಪ್ರಕಾರ, ಅಧಿಸೂಚಿತ ಎಂದು ಘೋಷಿಸಿದ ಕಡೆ ಬೋರ್ ಕೊರೆಸಲು ಮೊದಲೇ ಪರವಾನಗಿ ಪಡೆಯಬೇಕು. ಈ ಪಟ್ಟಿ ಕಾಲಕಾಲಕ್ಕೆ ಬದಲಾಗುತ್ತದೆ. ಪಕ್ಕದ ಹೊಲದವರು ಹೋದ ವರ್ಷ ಅನುಮತಿ ಇಲ್ಲದೆ ಹಾಕಿಸಿದ್ದರು ಎಂಬುದು ಈ ವರ್ಷಕ್ಕೆ ಆಧಾರವಾಗದು. ಜಿಲ್ಲಾ ಕೇಂದ್ರದಲ್ಲಿರುವ ಅಂತರ್ಜಲ ನಿರ್ದೇಶನಾಲಯದ ಕಚೇರಿಗೆ ಹೋಗಿ ಹಿರಿಯ ಭೂವಿಜ್ಞಾನಿಯನ್ನೇ ಕೇಳಿ. ಪರವಾನಗಿ ಬೇಕಿದ್ದರೆ ಅರ್ಜಿ ನಮೂನೆ ಅಲ್ಲೇ ಸಿಗುತ್ತದೆ. ಅರ್ಜಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಅಂತರ್ಜಲ ಸಮಿತಿಯ ಮುಂದೆ ಹೋಗುವುದರಿಂದ ಸಮಿತಿ ಸಭೆ ಸೇರುವವರೆಗೆ ಕಾಯಬೇಕಾಗಬಹುದು. ಬೇಸಿಗೆಯಲ್ಲಿ ಬೋರ್ ಬೇಕೆಂದರೆ ಚಳಿಗಾಲದಲ್ಲೇ ಅರ್ಜಿ ಕೊಡುವುದು ಲೇಸು. ಅಕ್ಕಿ ಗಿರಣಿ, ನೀರು ಶುದ್ಧೀಕರಣ ಘಟಕ, ಲೇಔಟ್, ಹೋಟೆಲ್‌ನಂಥ ವ್ಯಾಪಾರಿ ಉದ್ದೇಶಕ್ಕಾದರೆ ತಾಲ್ಲೂಕು ಯಾವುದೇ ಇರಲಿ, ಕರ್ನಾಟಕ ಅಂತರ್ಜಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರದ ಬಗ್ಗೆ ಇದೇ ಕಚೇರಿಯಲ್ಲಿ ವಿಚಾರಿಸಿ.

ಹೆಚ್ಚು ಜನ ಎಡವುವುದು 500 ಮೀಟರ್ ನಿಯಮದಲ್ಲಿ. 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಬಂದ ಬೇರೊಂದು ಅಂತರ್ಜಲ ಕಾಯ್ದೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೆಗೆಯಬಾರದು ಎನ್ನುತ್ತದೆ. ಇದಕ್ಕೂ ತಾಲ್ಲೂಕು ಅಧಿಸೂಚಿತವಾಗಿರಬೇಕೆಂದಿಲ್ಲ. ಅಂತರವನ್ನು ದಾರಿ ಹಿಡಿದು ಅಳೆಯಬೇಡಿ. ಬಂಡಿದಾರಿಯಲ್ಲಿ 800 ಮೀಟರ್ ಆಗುವ ಜಾಗ ನೇರ ಗೆರೆಯಲ್ಲಿ 350 ಮೀಟರ್ ಇರಬಹುದು. ಮೊಬೈಲ್ ನಕ್ಷೆಯಲ್ಲಿ ನಿಮ್ಮ ಪಾಯಿಂಟಿನಿಂದ ಊರ ನೀರಿನ ಬೋರಿಗೆ ನೇರ ಗೆರೆ ಎಳೆದು ನೋಡಿ. ಟ್ಯಾಂಕಿಗೆ ನೀರೆತ್ತುವ ಬೋರ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ಊರಾಚೆಯ ಕೈಪಂಪು, ಶಾಲೆ ಹತ್ತಿರದ ಕಿರು ನೀರು ಸರಬರಾಜಿನ ಬೋರ್, ತಾಂಡಾದ ಬೋರ್ ಎಲ್ಲವನ್ನೂ ಗ್ರಾಮ ಪಂಚಾಯಿತಿಯ ಪಿಡಿಒ ಹತ್ತಿರ ಕೇಳಿ ಪಟ್ಟಿ ಮಾಡಿಕೊಳ್ಳಿ.

ಈ ನಿಯಮಕ್ಕೆ ಕಾರಣ ನೆಲದೊಳಗಿದೆ. ನಮ್ಮ ಮೂರೂ ಜಿಲ್ಲೆಗಳ ಬಹುಭಾಗ ಗ್ರಾನೈಟ್, ನೈಸ್ ಕಲ್ಲಿನ ನೆಲ. ಮೇಲಿನ ಸವೆದ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಒಂದೇ ಬಿರುಕಿನ ಮೇಲೆ ಎರಡು ಬೋರ್ ಬಿದ್ದರೆ, ಆಳದ್ದು ಮೇಲಿನದನ್ನು ಎಳೆದುಕೊಳ್ಳುತ್ತದೆ. ಊರ ಕೈಪಂಪು ಒಣಗಿದ ದಿನ ಜನ ಬರುವುದು ನಿಮ್ಮ ಮನೆ ಬಾಗಿಲಿಗೆ.

ಪರವಾನಗಿ ಬೇಕಿಲ್ಲ ಎಂದಾದರೂ ತಿಳಿವಳಿಕೆ ಪತ್ರ ಬೇಕೇ ಬೇಕು. ಬೋರ್ ಕೊರೆಸುವ 15 ದಿನ ಮೊದಲು ಸ್ಥಳೀಯ ಪ್ರಾಧಿಕಾರಕ್ಕೆ (ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಗೆ) ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಪತ್ರದಲ್ಲಿ ಸರ್ವೆ ನಂಬರ್, ಹಿಸ್ಸಾ, ಗ್ರಾಮ, ಹೋಬಳಿ, ಉದ್ದೇಶ, ಅಂದಾಜು ಆಳ, ಕೊರೆಯುವ ದಿನ, ರಿಗ್ ಮಾಲೀಕರ ಹೆಸರು ಮತ್ತು ನೋಂದಣಿ ಸಂಖ್ಯೆ, ಹತ್ತಿರದ ಕುಡಿಯುವ ನೀರಿನ ಮೂಲದ ಅಂತರ ಇರಲಿ. ಜೊತೆಗೆ ಈಚಿನ ಪಹಣಿ, ಆಧಾರ್ ಪ್ರತಿ, ಪಾಯಿಂಟ್ ಗುರುತಿಸಿದ ಕೈನಕ್ಷೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಪಂಚಾಯಿತಿಯ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ. ‘ಬಿಡ್ರಿ, ಹೇಳಿದ್ರಲ್ಲ ಸಾಕು’ ಎಂದರೂ ಬಿಡಬೇಡಿ. ಬಾಯಿಮಾತಿಗೆ ತಾರೀಕು ಇರುವುದಿಲ್ಲ. ಊರೊಳಗಿನ ನಿವೇಶನವಾದರೆ ಪಹಣಿಯ ಬದಲು ಪಂಚಾಯಿತಿ ಕೊಡುವ ನಮೂನೆ 9 ಅಥವಾ 11ಬಿ, ಪಟ್ಟಣದಲ್ಲಾದರೆ ಇ-ಖಾತೆ ಹಿಡಿದು ನಗರಸಭೆ ಅಥವಾ ಪಾಲಿಕೆಗೆ ಹೋಗಿ.

ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ಒಮ್ಮೆ ಓದಿ. ತೀರಿಹೋದ ತಂದೆಯ ಹೆಸರೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ. ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ. ಬೋರ್ ಫೇಲಾದರೆ ಯಾರೂ ತಕರಾರು ತೆಗೆಯುವುದಿಲ್ಲ, ಮೂರು ಇಂಚು ನೀರು ಬಿದ್ದರೆ ಎಲ್ಲರೂ ತೆಗೆಯುತ್ತಾರೆ.

ಕೆಲವು ಊರುಗಳಿಗೆ ಇನ್ನೊಂದು ಬಾಗಿಲು ಇದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರದ ಕಡೆಯವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು. ಮಸ್ಕಿಯ ಅಶೋಕ ಶಾಸನದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ತುಂಗಭದ್ರಾ ಕಾಲುವೆ ಪಕ್ಕದ ಹೊಲವಾದರೆ ನೀರಾವರಿ ನಿಗಮದ ಉಪವಿಭಾಗದಲ್ಲೂ ಕೇಳಿ. ನೀರಾವರಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ನಂತರ ಕಾಲುವೆ ನೀರಿನ ಅಕ್ರಮ ಬಳಕೆಯ ಮೇಲೆ ಕಣ್ಣು ಬಿಗಿಯಾಗಿದೆ.

ರಿಗ್ ಗೊತ್ತುಮಾಡುವಾಗ ನೋಂದಣಿ ಪತ್ರ ಕೇಳಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಗಾಡಿಗಳು ತಮಿಳುನಾಡಿನ ತಿರುಚೆಂಗೋಡಿನಿಂದ ಬಂದಿರಲಿ, ಊರಿನವೇ ಆಗಿರಲಿ, ಅವು ಕರ್ನಾಟಕದಲ್ಲಿ ನೋಂದಣಿಯಾಗಿರಬೇಕು. ಅಡಿಯ ದರ ಎಷ್ಟು ಆಳದಿಂದ ಏರುತ್ತದೆ, ಬೋರಿನ ಬಾಯಿ ಕುಸಿಯದಂತೆ ಇಳಿಸುವ ಪೈಪಿಗೆ, ಅಂದರೆ ಕೇಸಿಂಗ್‌ಗೆ, ಬೇರೆ ದರವೇ ಎಂಬುದು ಚೀಟಿಯಲ್ಲಿ ಬರೆದಿರಲಿ. ಕೊರೆಯುವ ದಿನ ಒಂದು ರಾಡನ್ನು ಟೇಪ್ ಹಿಡಿದು ಅಳೆದು, ಒಳಗಿಳಿದ ರಾಡುಗಳನ್ನು ಎಣಿಸಿ. ಬಿಲ್ಲಿನಲ್ಲಿ ಸರ್ವೆ ನಂಬರ್, ಆಳ, ಕೇಸಿಂಗ್ ಉದ್ದ ಬರಬೇಕು. ಸ್ಥಳದಲ್ಲಿ ಮಾಲೀಕರ ಮತ್ತು ರಿಗ್ ಸಂಸ್ಥೆಯ ವಿಳಾಸದ ಫಲಕ, ಸುತ್ತ ಮುಳ್ಳುತಂತಿ ಅಥವಾ ಬೇರೆ ತಡೆ ಕಡ್ಡಾಯ.

ನೀರು ಬಿದ್ದರೆ ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಕಾಂಕ್ರೀಟ್ ಕಟ್ಟೆ ಹಾಕಿಸಿ. 30 ಸೆಂಟಿಮೀಟರ್ ನೆಲದೊಳಗೆ, 30 ಸೆಂಟಿಮೀಟರ್ ಮೇಲೆ. ಒಂದು ಚೀಲ ಸಿಮೆಂಟಿನಲ್ಲಿ ಮುಗಿಯುವ ಕೆಲಸ. ಪಂಪಿಗೆ ಕರೆಂಟ್ ಬೇಕಾದರೆ ಜೆಸ್ಕಾಂಗೆ ಅರ್ಜಿ, ಆಗ ತಲಾಠಿ (ಗ್ರಾಮ ಆಡಳಿತಾಧಿಕಾರಿ) ಕೊಡುವ ದೃಢೀಕರಣ, ಪಹಣಿ, ರಿಗ್ ಬಿಲ್ಲು ಎಲ್ಲವೂ ಕೆಲಸಕ್ಕೆ ಬರುತ್ತವೆ. ಕುಡಿಯಲು ಬಳಸುವುದಾದರೆ ನೀರನ್ನು ಪರೀಕ್ಷೆಗೆ ಕೊಡಿ. ಕೊಪ್ಪಳ, ರಾಯಚೂರು ಭಾಗದ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹೊಲಕ್ಕಷ್ಟೇ ಬಳಸಿ.

ಫೇಲಾದ ಬೋರಿನ ಕೆಲಸ ಅದೇ ದಿನ ಮುಗಿಯಬೇಕು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಬೋರಿಗೆ ಬಿದ್ದ ಮಗುವನ್ನು ಜೀವಂತ ಮೇಲೆತ್ತಿದರು. ಅದೇ ವರ್ಷದ ಕೊನೆಗೆ ವಿಧಾನಮಂಡಲ 2011ರ ಅಂತರ್ಜಲ ಕಾಯ್ದೆಗೆ ತಿದ್ದುಪಡಿ ತಂದಿತು. ಫೇಲಾದ ಬೋರ್ ಮುಚ್ಚದೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ.

ಪೈಪು ಉಳಿಸುವ ಆಸೆಯಿಂದ ಕೇಸಿಂಗ್ ಎಳೆದು ಬಾಯಿಗೆ ಚೀಲ, ಕಲ್ಲು ಇಡುವುದು ಎಲ್ಲಕ್ಕಿಂತ ಅಪಾಯ. ಕೇಸಿಂಗ್ ತೆಗೆದ ತಕ್ಷಣ ಮೇಲಿನ ಎರೆಮಣ್ಣು ಕುಸಿದು ಬಾಯಿ ಅಗಲವಾಗುತ್ತದೆ. ಆರೂವರೆ ಇಂಚಿನ 500 ಅಡಿ ಬೋರ್ ತುಂಬಲು ಸುಮಾರು 115 ಘನ ಅಡಿ ಮಣ್ಣು ಬೇಕು. ಕೊರೆದಾಗ ಹೊರಬಂದ ಕಲ್ಲುಪುಡಿಯೇ ಬಹುಪಾಲು ಸಾಕಾಗುತ್ತದೆ. ದೊಡ್ಡ ಕಲ್ಲು, ಮಣ್ಣಿನ ಹೆಂಟೆ ಹಾಕಬೇಡಿ. ಅವು ನಡುವೆ ಸಿಕ್ಕಿಕೊಂಡು ಮೇಲೆ ತುಂಬಿದಂತೆ ಕಂಡು, ಮೊದಲ ಮಳೆಗೆ ಕೆಳಗಿಳಿಯುತ್ತವೆ. ಪುಡಿಯನ್ನು ಬುಟ್ಟಿಬುಟ್ಟಿಯಾಗಿ ಸುರಿಯುತ್ತ ನಡುನಡುವೆ ನೀರು ಬಿಡಿ. ನೆಲಮಟ್ಟಕ್ಕೆ ಬಂದ ಮೇಲೆ ಫೋಟೊ ತೆಗೆದು, ಬೋರ್ ಮುಚ್ಚಿದ್ದೇವೆ ಎಂದು ಬರೆದು, ಹಿಂದಿನ ಪತ್ರದ ಇನ್‌ವರ್ಡ್ ನಂಬರ್ ನಮೂದಿಸಿ ಪಂಚಾಯಿತಿಗೆ ಕೊಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ, ತಗ್ಗು ಬಿದ್ದಿದ್ದರೆ ಮತ್ತೆ ನಾಲ್ಕು ಬುಟ್ಟಿ ಹಾಕಿ.